ನಬೀ ಸಾಬರ ರಾಜಿ

ಇದೆಲ್ಲ ಹತ್ತಿ ಮನೆಯೊಳಕ್ಕೆ ಬಂದದ್ದರಿಂದ ಆದದ್ದು ಎಂದು ಚಾಂದ್ ಬಿ ಕಂಡವರಿಗೆಲ್ಲ ಹೇಳುತ್ತಿದ್ದಳು. ಸೊಸೆ ಖುಷ್ನುಮಾಗೆ ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಹತ್ತಿಗೇನು ಗೊತ್ತು, ಪಾಪ.

ಹತ್ತಿ ಆ ಮನೆಗೆ ಹೊಸದೂ ಅಲ್ಲ. ಶಿರಾದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಮಾವ ನಬೀ ಸಾಬರ ಗಾದಿ ಅಂಗಡಿ ಇತ್ತು. ಅವರ ಅಪ್ಪನ ಕಾಲದಿಂದಲೂ ಅಲ್ಲಿ ಹತ್ತಿ ಹಿಂಜಿ ಗಾದಿ, ದಿಂಬು ಹೊಲಿದುಕೊಡುತ್ತಿದ್ದರು. ಈ ಸಲ ಪಾವಗಡದ ಆಚೆ ರಾಯಚರ್ಲು ಕಡೆ ಸೋಲಾರ್ ಕೆಲಸಕ್ಕೆ ಬಂದ ಕೂಲಿಯವರ ಶೆಡ್ಡುಗಳಿಗೆ ಗಾದಿ ಬೇಕೆಂದು ಮೇಸ್ತ್ರಿಯೊಬ್ಬ ದೊಡ್ಡ ಆರ್ಡರ್ ಕೊಟ್ಟ. ಅಂಗಡಿಯಲ್ಲಿ ಜಾಗ ಸಾಲದೆ ಬೂರುಗದ ಹತ್ತಿಯ ಮೂಟೆಗಳು ಮನೆಯ ನಡುಕೋಣೆಗೆ ಬಂದು ಕೂತವು. ಸಂಜೆ ಅಡುಗೆ ಮುಗಿಸಿ ಅತ್ತೆ, ಸೊಸೆ, ಹತ್ತನೇ ಕ್ಲಾಸಿನ ಮೊಮ್ಮಗಳು ಜೈಬಾ ಅಂಚು ಹೊಲಿಯಲು ಕೂರುತ್ತಿದ್ದರು. ಹೊಲಿದದ್ದನ್ನು ಖುಷ್ನುಮಾಳ ಗಂಡ ಇಸ್ರಾರ್ ತಾನು ಓಡಿಸುವ ಶಿರಾ–ಮಧುಗಿರಿ–ಪಾವಗಡ ಬಸ್ಸಿನ ಮೇಲೆ ಹಾಕಿಕೊಂಡು ಹೋಗುತ್ತಿದ್ದ. ಬೂರುಗದ ಹತ್ತಿ ಸುಮ್ಮನಿರುವ ಹತ್ತಿಯಲ್ಲ. ಬಾಗಿಲು ತೆಗೆದರೆ ಏಳುತ್ತದೆ, ಸಾರಿನ ಪಾತ್ರೆಗೆ ಬೀಳುತ್ತದೆ, ಒಣಹಾಕಿದ ಬಟ್ಟೆಗೆ ಅಂಟುತ್ತದೆ.

ಮೊದಲ ಜಗಳ ಹೊಲಿಗೆಯ ವಿಷಯಕ್ಕೇ ಆಯಿತು.

"ನಾನು ಹೊಲಿಯಲ್ಲ," ಎಂದಳು ಜೈಬಾ ಒಂದು ಸಂಜೆ.

"ಹೊಲಿಯಲ್ಲ ಅಂದ್ರೆ?" ಚಾಂದ್ ಬಿ ಸೂಜಿ ಎತ್ತಿ ಹಿಡಿದು ಕೇಳಿದಳು. "ಕೈಗೆ ಮೆಹಂದಿ ಹಾಕ್ಕಂಡು ಕೂತಿದ್ದೀಯಾ?"

"ಓದೋದಿದೆ ದಾದಿ."

"ಓದು. ಬಾಯಲ್ಲಿ ಓದು, ಕೈಯಲ್ಲಿ ಹೊಲಿ. ನಿನ್ನ ಬಾಯಿಗೂ ಸೂಜಿಗೂ ಏನು ಜಗಳ?"

ಜೈಬಾ ಎದ್ದು ಹೋದಳು. ಎರಡನೆಯ ಜಗಳ ನೀರಿನ ವಿಷಯಕ್ಕೆ. ಹುಡುಗಿ ದಿನಾ ಯೂನಿಫಾರ್ಮು, ದುಪಟ್ಟಾ ಒಗೆಯತೊಡಗಿದಳು. ಒಗೆದು, ಕೊಡವಿ, ಬಿಸಿಲಿಗೆ ಹಿಡಿದು ನೋಡಿ, ಮತ್ತೆ ಒಗೆಯುವಳು. "ಈ ಹುಡುಗಿ ತಾನು ಕುಡಿಯೋದಕ್ಕಿಂತ ದುಪಟ್ಟಾಕ್ಕೆ ಕುಡಿಸೋ ನೀರೇ ಜಾಸ್ತಿ," ಎಂದು ಚಾಂದ್ ಬಿ ಡ್ರಮ್ಮಿನ ಮುಚ್ಚಳಕ್ಕೆ ಕಲ್ಲು ಹೇರಿದಳು. ಬೆಳಗ್ಗೆ ಹೊಟ್ಟೆನೋವು ಬರುವುದು, ಇಸ್ರಾರ್ ಬೈದರೆ ಅಳುತ್ತಾ ಹೊರಡುವುದು ಶುರುವಾಯಿತು. ತಟ್ಟೆಯಲ್ಲಿ ಅನ್ನ ಕಲಸಿ ಗುಡ್ಡೆ ಮಾಡಿ ಹಾಗೇ ಬಿಡುವಳು.

ಒಂದು ವಿಷಯ ಮಾತ್ರ ಚಾಂದ್ ಬಿಗೆ ಹೆಮ್ಮೆ ತಂದಿತ್ತು. ಜೈಬಾ ಮನೆಯೊಳಗೂ ತಲೆಯಿಂದ ದುಪಟ್ಟಾ ತೆಗೆಯುತ್ತಿರಲಿಲ್ಲ. ಮಲಗುವಾಗಲೂ ಇಲ್ಲ. "ನಮ್ ಜೈಬಾಗೆ ಅಲ್ಲಾಹನೇ ಬುದ್ಧಿ ಕೊಟ್ಟವ್ನೆ, ಯಾರೂ ಹೇಳಿಲ್ಲ ಕೇಳಿಲ್ಲ," ಎಂದು ಅವಳು ಪಕ್ಕದ ಮನೆಯವರಿಗೆ ಹೇಳಿಕೊಂಡು ತಿರುಗಿದಳು. ಖುಷ್ನುಮಾ ಕೂಡ ಕೇಳಿ ಸುಮ್ಮನಾದಳು. ಹದಿಹರೆಯ, ಏನೋ ಒಂದು ಹಿಡಿದುಕೊಳ್ಳುತ್ತಾರೆ, ಬಿಡುತ್ತಾರೆ.

ಮತ್ತೆ ಹೊಟ್ಟೆನೋವೆಂದು ಮಲಗಿದ ದಿನ ರೊಟ್ಟಿ ಲಟ್ಟಿಸುತ್ತಾ ಖುಷ್ನುಮಾ ಮಗಳನ್ನು ಎದುರು ಕೂರಿಸಿಕೊಂಡಳು.

"ನಿಜ ಹೇಳು. ಸ್ಕೂಲಲ್ಲಿ ಯಾರಾದ್ರೂ ಹೊಡೀತಾರಾ?"

"ಇಲ್ಲ."

"ಹುಡುಗ್ರು ಏನಾದ್ರೂ ಅಂತಾರಾ?"

"ಇಲ್ಲ ಅಮ್ಮಿ." ಖುಷ್ನುಮಾ ಮತ್ತೆ ಲಟ್ಟಿಸಲು ಬಗ್ಗಿದಾಗ ಅವಳೇ ಅಂದಳು, "ಊದ್ತಾರೆ."

"ಏನು ಊದ್ತಾರೆ?"

"ಸುಮ್ನೆ. ಫೂ ಅಂತ. ನಾನು ಕ್ಲಾಸಿಗೆ ಹೋದ್ರೆ ಊದ್ತಾರೆ. ಎದ್ದು ಉತ್ತರ ಹೇಳಿದ್ರೆ ಊದ್ತಾರೆ. ಸಾಲಲ್ಲಿ ನಿಂತ್ರೆ ಹಿಂದೆ ಮುಂದೆ ಇರೋರು ಊದ್ತಾರೆ. ಒಂದಿನ ದುಪಟ್ಟಾದ ಮೇಲೆ ಹತ್ತಿ ಇತ್ತು, ಸಹನಾ ಊದಿದ್ಲು. ಆಮೇಲೆ ಹತ್ತಿ ಇಲ್ದೆ ಇದ್ರೂ ಊದ್ತಾರೆ. ನಮ್ ಮೊಹಲ್ಲಾದ ಹುಡುಗೀರೂ ಸೇರ್ಕಂಡವ್ರೆ."

ಖುಷ್ನುಮಾ ಲಟ್ಟಣಿಗೆ ನಿಲ್ಲಿಸಿದಳು. ಸಹನಾ ಎಂದರೆ ಬೈಲಪ್ಪನವರ ಮೊಮ್ಮಗಳು. ಬೈಲಪ್ಪ, ನಬೀ ಸಾಬರು ಚಡ್ಡಿ ಹಾಕುವ ಕಾಲದಿಂದ ಸ್ನೇಹಿತರು. ದಿನಾ ಸಂಜೆ ಗಾದಿ ಅಂಗಡಿಯಲ್ಲಿ ಇಬ್ಬರೂ ಕೂತು ಟೀ ಕುಡಿಯದಿದ್ದರೆ ಶಿರಾದಲ್ಲಿ ಹೊತ್ತು ಮುಳುಗದು ಎಂದು ಜನ ತಮಾಷೆ ಮಾಡುತ್ತಿದ್ದರು. ಎಂಟನೇ ಕ್ಲಾಸಿನವರೆಗೂ ಜೈಬಾ, ಸಹನಾ ಒಂದೇ ಬೆಂಚಿನವರು.

ಊಟಕ್ಕೆ ಕೂತಾಗ ಖುಷ್ನುಮಾ ವಿಷಯ ತೆಗೆದಳು. ಇಸ್ರಾರ್ ನಕ್ಕುಬಿಟ್ಟ.

"ಊದ್ತಾರಾ? ಇದೇನ್ ಹೊಸಾದು. ನಮ್ ಕಾಲದಲ್ಲಿ ಕಲ್ಲಲ್ಲಿ ಹೊಡೆಯೋರು. ನೀನೂ ತಿರುಗಿಸಿ ಊದು ಬೇಟಾ, ಗಾಳಿಗೇನು ಬರಗಾಲವಾ?"

ಚಾಂದ್ ಬಿಯೂ ನಕ್ಕಳು. ನಬೀ ಸಾಬರು ನಗಲಿಲ್ಲ. ಬೈಲಪ್ಪನ ಮೊಮ್ಮಗಳ ಹೆಸರು ಕೇಳಿ ತುತ್ತು ಕೈಯಲ್ಲೇ ಹಿಡಿದು, "ಮಕ್ಕಳಾಟ. ಇವತ್ತು ಊದ್ತಾರೆ, ನಾಳೆ ಮರೀತಾರೆ," ಎಂದರು. ಜೈಬಾ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ ತಟ್ಟೆ ತೆಗೆದುಕೊಂಡು ಎದ್ದಳು.

ಖುಷ್ನುಮಾ ಮರುದಿನ ಶಾಲೆಗೆ ಹೋದಳು. ಇಂಥ ಕಡೆ ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ನಡೆದಿದ್ದಳು. ಕ್ಲಾಸ್ ಮೇಷ್ಟ್ರು ಬಸವೇಶ್ ಕೆಟ್ಟವರಲ್ಲ. ಕುರ್ಚಿ ಹಾಕಿಸಿ ಕೂರಿಸಿದರು.

"ಬೈದ್ರಾ? ಹೊಡೆದ್ರಾ? ಕೆಟ್ಟ ಮೆಸೇಜ್ ಕಳಿಸಿದ್ರಾ?"

"ಇಲ್ಲ ಸಾರ್. ಊದ್ತಾರಂತೆ."

"ಊದಿದ್ದಕ್ಕೆ ನಾನು ಏನಂತ ಕ್ರಮ ತಗೊಳ್ಳಲಮ್ಮ? ಆಯ್ತು, ಹೇಳ್ತೀನಿ."

ಅವರು ಹೇಳಿಯೂ ಹೇಳಿದರು. ಪಾಠದ ನಡುವೆ, ಜೈಬಾ ಕೂತಿದ್ದಂತೆಯೇ, "ಇನ್ಮೇಲೆ ಕ್ಲಾಸಲ್ಲಿ ಯಾರೂ ಊದಕೂಡದು," ಎಂದರು. ಇಡೀ ಕ್ಲಾಸು ಗೊಳ್ಳೆಂದಿತು. ಅದುವರೆಗೆ ಗೊತ್ತಿಲ್ಲದಿದ್ದ ಹುಡುಗರಿಗೂ ಗೊತ್ತಾಯಿತು. ಆ ಸಂಜೆ ಜೈಬಾ, "ಇನ್ಮೇಲೆ ಸ್ಕೂಲಿಗೆ ಹೋಗ್ಬೇಡ ಅಮ್ಮಿ, ಕೈ ಮುಗೀತೀನಿ," ಎಂದಳು. ಹೋಗಬೇಡ ಎಂದದ್ದು ತನಗೇ ಎಂದು ಖುಷ್ನುಮಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಶುಕ್ರವಾರ ತಲೆಸ್ನಾನ. ಖುಷ್ನುಮಾ ಎಣ್ಣೆ ಬಿಸಿ ಮಾಡಿ ಕರೆದರೆ ಜೈಬಾ ಬಚ್ಚಲ ಬಾಗಿಲು ಹಿಡಿದು ನಿಂತಳು.

"ನಾನೇ ಹಚ್ಕೊಳ್ತೀನಿ."

"ಹೋದ ವಾರಾನೂ ಅಂಗೇ ಅಂದೆ. ಕೂದಲು ನಾರಾಗೋದ್ರೆ ನಿಮ್ ದಾದಿ ನನ್ನ ಬೈತಾರೆ. ಬಾ ಇಲ್ಲಿ."

ಎಳೆದು ಕೂರಿಸಿ ದುಪಟ್ಟಾ ಸರಿಸಿದಳು. ಬಲಗಿವಿಯ ಮೇಲಿಂದ ನೆತ್ತಿಯವರೆಗೆ ಅಂಗೈ ಅಗಲ ಚರ್ಮ ಕಾಣುತ್ತಿತ್ತು. ಅಲ್ಲಲ್ಲಿ ಸಣ್ಣ ಗಾಯದ ಹಕ್ಕಳೆ, ಮೊಳಕೆಯಂತೆ ಮೊಂಡು ಕೂದಲು. ಖುಷ್ನುಮಾ ಎಣ್ಣೆ ಬಟ್ಟಲು ಕೆಳಗಿಟ್ಟಳು.

"ಯಾರು ಕಿತ್ತಿದ್ದು?"

"ನಾನೇ."

"ನೀನೇ ಅಂದ್ರೆ?"

"ಅಲ್ಲಿ ಹತ್ತಿ ಇದ್ದಂಗೆ ಅನ್ಸುತ್ತೆ ಅಮ್ಮಿ. ಹುಡುಕ್ತೀನಿ. ಸಿಗಲ್ಲ. ಹುಡುಕ್ತಾ ಹುಡುಕ್ತಾ ಕೂದಲೇ ಕೈಗೆ ಬಂದ್ಬುಡುತ್ತೆ. ಬಂದಾಗ ಒಂದು ಗಳಿಗೆ ಸಮಾಧಾನ ಆಗುತ್ತೆ." ಅವಳು ಬೇರೆ ಯಾರದೋ ವಿಷಯವೆಂಬಂತೆ ಹೇಳಿದಳು. "ದಾದಿಗೆ ಹೇಳ್ಬೇಡ."

ಹೇಳದೆ ಇರಲಾಗಲಿಲ್ಲ. ಖುಷ್ನುಮಾ ಅಳುತ್ತಾ ಅಡುಗೆಮನೆಗೆ ಬಂದದ್ದೇ ಚಾಂದ್ ಬಿ ಬಾಯಿ ಬಿಡಿಸಿದಳು. ಮಧ್ಯಾಹ್ನದೊಳಗೆ ನಬೀ ಸಾಬರಿಗೂ ತಿಳಿಯಿತು. ಅವರು ನಮಾಜಿನ ಟೋಪಿ ತೆಗೆದು ಮೊಳೆಗೆ ತಗುಲಿಸಿ, "ಸ್ಕೂಲು ಗೀಲು ಯಾಕೆ. ನಾನಿಲ್ವಾ? ಭಾನುವಾರ ಬೈಲಪ್ಪನ್ನ, ಆ ಹುಡುಗೀನ ಕರೀತೀನಿ. ಕೂರಿಸಿ ರಾಜಿ ಮಾಡಿಸ್ತೀನಿ," ಎಂದರು.

ನಬೀ ಸಾಬರಿಗೆ ಗಾದಿಗಿಂತ ರಾಜಿಯಲ್ಲೇ ದೊಡ್ಡ ಹೆಸರು. ಗೋಡೆಗಾಗಿ ಹೊಡೆದಾಡಿದ ಅಣ್ಣತಮ್ಮಂದಿರು, ಸ್ಟ್ಯಾಂಡಿಗಾಗಿ ಕಿತ್ತಾಡಿದ ಆಟೋದವರು, ತವರಿಗೆ ಹೋಗಿ ಕೂತ ಹೆಂಡತಿಯನ್ನು ಕರೆಯಲು ನಾಚಿದ ಗಂಡ, ಯಾವ ಜಾತಿಯವರಾಗಲಿ ಅವರ ಅಂಗಡಿಗೆ ಬರುತ್ತಿದ್ದರು. ಅವರದೊಂದು ಕ್ರಮ. ಇಬ್ಬರನ್ನೂ ಒಂದೇ ಹೊಸ ಗಾದಿಯ ಮೇಲೆ ಕೂರಿಸುವುದು. ಯಾರು ಶುರು ಮಾಡಿದ್ದು ಎಂದು ಕೇಳುವ ಹಾಗಿಲ್ಲ. ಇಬ್ಬರೂ ಮಾಫಿ ಕೇಳಬೇಕು. ಆಮೇಲೆ ಒಂದು ಬನ್ ಮುರಿದು ಅರ್ಧರ್ಧ ಕೊಡುವರು. ತಿಂದರೆ ಮುಗಿಯಿತು. ನಬೀ ಸಾಬರ ರಾಜಿ ಮುರಿದವರು ಶಿರಾದಲ್ಲಿ ಇಲ್ಲ ಎನ್ನುವುದು ಅವರ ಸಂಪತ್ತು.

ಭಾನುವಾರ ಬೈಲಪ್ಪ ಮೊಮ್ಮಗಳ ಜೊತೆ ಬಂದರು. ಸಹನಾ ಬಾಗಿಲಲ್ಲೇ ಚಪ್ಪಲಿ ಜೋಡಿಸಿಟ್ಟು, ಚಾಂದ್ ಬಿಯ ಕಾಲು ಮುಟ್ಟಿ, "ಚೆನ್ನಾಗಿದ್ದೀರಾ ಅಜ್ಜಿ?" ಎಂದಳು. ಖುಷ್ನುಮಾ ತಟ್ಟೆ ತರುತ್ತಿದ್ದರೆ ಎದ್ದು ಬಂದು ನೀರಿನ ಲೋಟ ತೆಗೆದುಕೊಂಡಳು. ಇಂಥ ಹುಡುಗಿಯ ಮೇಲೆ ಏನೆಂದು ಹೇಳುವುದು ಎಂದು ಖುಷ್ನುಮಾಗೇ ಒಂದು ಕ್ಷಣ ಅನುಮಾನವಾಯಿತು. ಇಬ್ಬರನ್ನೂ ಹೊಸ ಗಾದಿಯ ಮೇಲೆ ಕೂರಿಸಿದರು.

"ಸಾರಿ ಜೈಬಾ. ತಮಾಷೆಗೆ ಮಾಡಿದ್ದು, ಬೇಜಾರ್ ಮಾಡ್ಕೋಬೇಡ," ಎಂದಳು ಸಹನಾ, ಕೇಳುವ ಮೊದಲೇ.

"ಶಾಭಾಷ್. ಈಗ ನೀನು ಹೇಳು ಬೇಟಾ," ಎಂದರು ನಬೀ ಸಾಬರು.

ಜೈಬಾ ತಲೆ ಎತ್ತಿದಳು. "ನಾನ್ಯಾಕೆ?"

"ಇಬ್ರೂ ಕೇಳ್ಬೇಕು. ಅದೇ ಪದ್ಧತಿ."

"ನಂದೇನು ತಪ್ಪು ದಾದಾ?"

"ಏನಾದ್ರೂ ಇರುತ್ತೆ. ಇಲ್ದೆ ಜಗಳ ಹೆಂಗೆ ಬರುತ್ತೆ?"

"ಜಗಳ ಆಗಿಲ್ಲ."

ಬೈಲಪ್ಪ ಕೆಮ್ಮಿದರು. ನಬೀ ಸಾಬರ ಕಿವಿ ಕೆಂಪಾಗುವುದನ್ನು ಖುಷ್ನುಮಾ ಕಂಡಳು. ಸ್ನೇಹಿತನ ಎದುರು, ಮನೆಯ ಹುಡುಗಿಯೇ ರಾಜಿಗೆ ಎದುರು ಮಾತಾಡುತ್ತಿದ್ದಾಳೆ. ಇದು ಇವತ್ತಿಗೆ ಮುಗಿದರೆ ಸಾಕು ಎನ್ನಿಸಿತು. ಮಗಳ ಹಿಂದೆ ನಿಂತಿದ್ದವಳು ಅವಳ ಮೊಣಕೈ ಮೆಲ್ಲಗೆ ಚಿವುಟಿ, "ಹೇಳ್ಬುಡು. ಮುಗಿದೋಗ್ಲಿ," ಎಂದಳು.

ಜೈಬಾ ಗಾದಿಯ ಅಂಚು ನೋಡುತ್ತಾ, "ಮಾಫ್ ಮಾಡು ಸಹನಾ," ಎಂದಳು.

ಬನ್ ಮುರಿಯಿತು. ಎಲ್ಲರ ಮುಖವೂ ಸಡಿಲವಾಯಿತು. ಹೊರಡುವ ಹೊತ್ತಿಗೆ ಚಾಂದ್ ಬಿಗೆ ಏನನ್ನಿಸಿತೋ, ಸಹನಾಳ ಮನಸ್ಸು ಇನ್ನಷ್ಟು ಕರಗಲಿ ಎಂದೇ ಇರಬೇಕು, "ನೀನೂ ನನ್ನ ಮೊಮ್ಮಗಳಿದ್ದಂಗೆ ಕಣಮ್ಮ, ನೋಡು, ಕೊರಗಿ ಕೊರಗಿ ಏನ್ ಮಾಡ್ಕಂಡವ್ಳೆ," ಎನ್ನುತ್ತಾ ಜೈಬಾಳ ದುಪಟ್ಟಾ ಸರ್ರನೆ ಎಳೆದಳು.

ಸಹನಾ ನೋಡಿದಳು. ಬೈಲಪ್ಪ, "ಅಯ್ಯೋ ಶಿವನೆ," ಎಂದು ಮುಖ ತಿರುಗಿಸಿದರು. ಜೈಬಾ ದುಪಟ್ಟಾ ಕಸಿದುಕೊಳ್ಳಲೂ ಇಲ್ಲ, ಅಳಲೂ ಇಲ್ಲ. ಕೈಯಲ್ಲಿದ್ದ ಅರ್ಧ ಬನ್ನನ್ನು ಗಾದಿಯ ಮೇಲಿಟ್ಟು ಒಳಗೆ ಹೋದಳು.

ಸೋಮವಾರ ಯಾರೂ ಊದಲಿಲ್ಲ. ಜೈಬಾ ಕ್ಲಾಸಿನೊಳಕ್ಕೆ ಕಾಲಿಟ್ಟಾಗ ಮುಂದಿನ ಸಾಲಿನ ಹುಡುಗಿಯರೆಲ್ಲ ಕೈಯನ್ನು ಬಲಗಿವಿಯ ಮೇಲಕ್ಕೆ ಇಟ್ಟುಕೊಂಡು ಕೂತಿದ್ದರು. ಅಷ್ಟೇ. ಬಸವೇಶ್ ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದರು. ಮಧ್ಯಾಹ್ನದ ಬಿಸಿಲಲ್ಲಿ ಬ್ಯಾಗಿಲ್ಲದೆ ನಡೆದು ಮನೆಗೆ ಬಂದ ಮಗಳು ಇಷ್ಟನ್ನು ಹೇಳಿ, ಆಮೇಲೆ ಸ್ಕೂಲನ್ನೂ ಮಾತನ್ನೂ ನಿಲ್ಲಿಸಿದಳು. ಹಸಿವಾದರೆ ತಾನೇ ಬಂದು ಒಂದು ತುತ್ತು ಹಾಕಿಕೊಂಡು ತಿನ್ನುವಳು. ಕರೆದರೆ ತಿರುಗಿ ನೋಡುವಳು. ನಬೀ ಸಾಬರು ಬಂದರೆ ಎದ್ದು ಬೇರೆ ಕೋಣೆಗೆ ಹೋಗುವಳು. ರಾಜಿ ಆದಮೇಲೂ ಹೀಗೇಕೆ ಎಂದು ಅವರಿಗೆ ಅರ್ಥವಾಗಲೇ ಇಲ್ಲ.

ದಿನ ಕಳೆದಂತೆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಾರಿ ಹೊಳೆಯಿತು.

"ಕೊರಟಗೆರೆಗೆ ನಿನ್ನ ತಮ್ಮ ನಯಾಜ್ ಮನೆಗೆ ಕಳಿಸು. ಅಲ್ಲೇ ಸ್ಕೂಲಿಗೆ ಸೇರಿಸ್ಲಿ," ಎಂದ ಇಸ್ರಾರ್.

"ಹತ್ತನೇ ಕ್ಲಾಸು, ವರ್ಷದ ಮಧ್ಯ, ಯಾರು ಸೇರಿಸ್ಕೊಳ್ತಾರ್ರೀ?"

"ಹಂಗಾದ್ರೆ ಓದೇ ಸಾಕು," ಎಂದಳು ಚಾಂದ್ ಬಿ. "ಹುಡುಗಿ ನೋಡೋಕೆ ಬಂದೋರು ಮಾರ್ಕ್ಸ್ ಕಾರ್ಡ್ ಕೇಳಲ್ಲ, ಕೂದಲು ಕೇಳ್ತಾರೆ. ಮೊದಲು ಈರುಳ್ಳಿ ರಸ ಹಚ್ಚು."

"ಈರುಳ್ಳಿ ಹಚ್ಚಿದ್ರೆ ಮಾತು ಬರುತ್ತಾ ಅಮ್ಮಾ?" ಖುಷ್ನುಮಾಳ ದನಿ ಏರಿತು. ಏರಿದ್ದಕ್ಕೆ ಅವಳೇ ಹೆದರಿ ಪಾತ್ರೆ ತೊಳೆಯಲು ಹೋದಳು.

ಮಧುಗಿರಿಗೆ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರೊಬ್ಬರು ಬರುತ್ತಾರೆಂದು ಫೋನಿನಲ್ಲಿ ಹೇಳಿದವನು ನಯಾಜ್. ಇಸ್ರಾರ್ ಬೇಡವೆನ್ನಲಿಲ್ಲ. "ನನ್ನ ಬಸ್ಸಲ್ಲಿ ಮಾತ್ರ ಬರಬೇಡಿ. ಆ ರೂಟಲ್ಲಿ ಎಲ್ಲಾ ಪರಿಚಯದೋರು. ಎಲ್ಲಿಗೆ ಅಂತ ಕೇಳಿದ್ರೆ ನಾನೇನು ಹೇಳ್ಲಿ," ಎಂದ. ಗಂಡ ಓಡಿಸುವ ಬಸ್ಸು ಕಣ್ಣೆದುರೇ ಹೊರಟುಹೋಗಲು ಬಿಟ್ಟು, ತಾಯಿ ಮಗಳು ಮುಂದಿನ ಬಸ್ಸು ಹತ್ತಿದರು.

ಡಾಕ್ಟರಮ್ಮ ಖುಷ್ನುಮಾಳನ್ನು ಹೊರಗೆ ಕೂರಿಸಿ ಜೈಬಾಳೊಬ್ಬಳನ್ನೇ ಒಳಗೆ ಕರೆದರು. ಬಹಳ ಹೊತ್ತಾಯಿತು. ಮುಚ್ಚಿದ ಬಾಗಿಲ ಹಿಂದಿನಿಂದ ಮಗಳ ದನಿ ಸಣ್ಣಗೆ ಕೇಳುತ್ತಿತ್ತು, ಮಾತು ಬಿಡಿಸಿ ಕೇಳುತ್ತಿರಲಿಲ್ಲ. ಪರಿಚಯವಿಲ್ಲದ ಹೆಂಗಸಿಗೆ ಮಾತು ಸಿಕ್ಕಿತು, ತನಗೆ ಸಿಗಲಿಲ್ಲ. ಖುಷ್ನುಮಾಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಆಮೇಲೆ ಅವಳನ್ನು ಕರೆದು ಡಾಕ್ಟರಮ್ಮ, "ಪ್ರತಿ ವಾರ ಕರ್ಕೊಂಡು ಬನ್ನಿ. ಕೂದಲ ವಿಷಯ ಮನೇಲಿ ಯಾರೂ ಎತ್ತೋದು ಬೇಡ, ಬೈಯೋದೂ ಬೇಡ," ಎಂದರು. ಚೀಟಿ ಕೊಡುತ್ತಾ, "ಯಾರ ಮೇಲೆ ಕೋಪ ಇದೆ ಅಂತ ಕೇಳ್ದೆ. ಅಮ್ಮಂಗೆ ಹೇಳಿ, ಪರವಾಗಿಲ್ಲ ಅಂತ ಅವಳೇ ಅಂದಿದ್ದಕ್ಕೆ ಹೇಳ್ತಿದ್ದೀನಿ."

"ಸಹನಾ ಮೇಲೆ."

"ಆ ಹೆಸರು ಕೊನೇಲಿ ಬಂತು."

ವಾಪಸ್ ಬರುವಾಗ ಖುಷ್ನುಮಾ ಆ ಮಾತನ್ನೇ ಜಗಿಯುತ್ತಿದ್ದಳು. ಬಸ್ಸು ಶಿರಾ ಸೇರಿ ನಿಲ್ದಾಣದ ಕಡೆ ನಿಧಾನವಾಗಿ ತಿರುಗಿತು. ಗಾದಿ ಅಂಗಡಿಯ ಮುಂದೆ ಬೈಲಪ್ಪನೂ ನಬೀ ಸಾಬರೂ ಟೀ ಲೋಟ ಹಿಡಿದು ಯಾವುದಕ್ಕೋ ನಗುತ್ತಿದ್ದರು. ಜೈಬಾ ಕಿಟಕಿಯಿಂದ ನೋಡಿದಳು. ಅವಳ ಕೈ ದುಪಟ್ಟಾದ ಕೆಳಗೆ ಮೆಲ್ಲಗೆ ಮೇಲಕ್ಕೆ ಹೋಯಿತು. ಖುಷ್ನುಮಾ ಆ ಕೈ ಹಿಡಿದುಕೊಳ್ಳಲು ಹೋಗಿ, ಡಾಕ್ಟರಮ್ಮನ ಮಾತು ನೆನಪಾಗಿ, ತನ್ನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು.

ಊಟಕ್ಕೆ ಕೂತಾಗ ತಡೆಯಲಾಗದೆ ಅವಳು ಮಾವನನ್ನೇ ಕೇಳಿದಳು.

"ಅಬ್ಬಾ, ಒಂದು ಮಾತು ಕೇಳ್ತೀನಿ. ಆವತ್ತು ಇವಳ ಬಾಯಲ್ಲಿ ಮಾಫಿ ಕೇಳಿಸಿದ್ರಿ. ಯಾವ ತಪ್ಪಿಗೆ?"

"ಈಗ್ಯಾಕೆ ಅದು?"

"ಯಾವ ತಪ್ಪಿಗೆ ಅಂತ ಹೇಳಿ."

"ಲೇ, ಯಾರ ಹತ್ರ ಮಾತಾಡ್ತಿದ್ದೀಯ ಗೊತ್ತಾ?" ಇಸ್ರಾರ್ ತಟ್ಟೆ ತಳ್ಳಿದ.

"ನಿಮ್ಮಪ್ಪನ ಹತ್ರ. ನಿಮ್ಮ ಹತ್ರಾನೂ. ಊದು ಅಂತ ನಕ್ಕೋರು ನೀವು."

"ನಬೀ ಸಾಬ್ ಮಾಡಿದ ರಾಜೀನ ಇವತ್ತಿನವರೆಗೆ ಯಾರೂ ಪ್ರಶ್ನೆ ಮಾಡಿಲ್ಲ," ಎಂದರು ಮುದುಕರು. ದನಿ ದೊಡ್ಡದಿತ್ತು, ಗಟ್ಟಿಯಿರಲಿಲ್ಲ.

"ರಾಜಿ ಜಗಳಕ್ಕೆ ಅಬ್ಬಾ. ಇದು ಜಗಳ ಅಲ್ಲ ಅಂತ ಅವಳು ಆವತ್ತೇ ಹೇಳಿದ್ಲು."

ಚಾಂದ್ ಬಿ ಸೆರಗಿಂದ ಮೂಗು ಒರೆಸುತ್ತಾ, "ನಾನೇ ಪಾಪಿ, ನಾನೇ ತೋರಿಸ್ದೆ, ಒಳ್ಳೇದಾಗ್ಲಿ ಅಂತ ತೋರಿಸ್ದೆ," ಎಂದು ಶುರು ಮಾಡಿದಳು. ಅವಳನ್ನು ಸಮಾಧಾನ ಮಾಡುವುದರಲ್ಲಿ ಮಾತು ಎಲ್ಲೋ ಹೋಯಿತು. ಆ ಮನೆಯಲ್ಲಿ ಪ್ರತಿ ಸಲ ಹಾಗೇ. ಯಾರಾದರೊಬ್ಬರು ಅತ್ತರೆ ಉತ್ತರ ಕೊಡಬೇಕಾದವರು ತಪ್ಪಿಸಿಕೊಳ್ಳುತ್ತಿದ್ದರು.

ಆದರೆ ನಬೀ ಸಾಬರಿಗೆ ಆ ಮಾತು ಎಲ್ಲೋ ಚುಚ್ಚಿಕೊಂಡಿರಬೇಕು. ಎರಡು ದಿನ ಅಂಗಡಿಗೆ ಹೋಗಲಿಲ್ಲ. ಭಾನುವಾರ ಬೆಳಗ್ಗೆ ಎದ್ದವರೇ, "ಖುಷ್ನುಮಾ, ಚಪ್ಪಲಿ ಹಾಕ್ಕೋ, ಬಾ," ಎಂದರು. ಎಲ್ಲಿಗೆಂದು ಹೇಳಲಿಲ್ಲ. ಬೈಲಪ್ಪನವರ ಬೀದಿಗೆ ತಿರುಗಿದಾಗ ಅವಳಿಗೆ ತಿಳಿಯಿತು.

ಬೈಲಪ್ಪನ ಹೆಂಡತಿ ಪಾಪಕ್ಕ ಮಜ್ಜಿಗೆ ತಂದಳು. ನಬೀ ಸಾಬರು ಲೋಟ ಮುಟ್ಟಲಿಲ್ಲ, ಕೂರಲೂ ಇಲ್ಲ.

"ಬೈಲಪ್ಪ, ನಾನು ಆವತ್ತು ಮಾಡಿದ್ದು ತಪ್ಪು ರಾಜಿ. ವಾಪಸ್ ತಗೊಳ್ತೀನಿ."

"ಅಂಗಂದ್ರೆ ಏನ್ಲಾ ನಬೀ?"

"ನನ್ನ ಮೊಮ್ಮಗಳು ಕೇಳಿದ ಮಾಫಿ ವಾಪಸ್. ಅವಳು ತಪ್ಪು ಮಾಡಿರ್ಲಿಲ್ಲ. ನಿನ್ನ ಮೊಮ್ಮಗಳು ನನ್ನ ಮನೇಲಿ ಕಂಡಿದ್ದನ್ನ ಸ್ಕೂಲಿಗೆ ಒಯ್ದವ್ಳೆ."

ಒಳಗಿಂದ ಬೈಲಪ್ಪನ ಮಗ ತಿಪ್ಪೇಶ್ ಬಂದ. "ಏನ್ ಸಾಬ್ರೆ, ಬೆಳಗೆದ್ದು ನಮ್ ಹುಡುಗಿ ಮೇಲೆ ಅಪವಾದ ಹೊರಿಸ್ತೀರಲ್ಲ. ಕರೆದ್ರಿ ಅಂತ ಬಂದ್ಲು, ಸಾರಿ ಕೇಳಿದ್ಲು. ಇನ್ನೇನ್ ಮಾಡ್ಬೇಕು, ಉರುಳುಸೇವೆನಾ?"

"ಸಹನಾ, ಹೇಳ್ಲಿಲ್ವೇನಮ್ಮ ನೀನು?" ಖುಷ್ನುಮಾ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿಯನ್ನೇ ಕೇಳಿದಳು.

ಸಹನಾ ಕಣ್ಣು ಕೆಳಗೆ ಹಾಕಿದಳು. "ಒಬ್ಬಳಿಗೆ ಹೇಳ್ದೆ ಆಂಟಿ. ಆಮೇಲೆ ಎಲ್ಲರೂ ಮಾಡಿದ್ರು. ನಾನು ಸುಮ್ನಿದ್ರೆ ನನ್ನೇ ಹಿಡ್ಕೊಳ್ಳೋರು."

"ಒಳಗೋಗು ನೀನು," ಎಂದ ತಿಪ್ಪೇಶ್.

ಬೈಲಪ್ಪ ನೆಲ ನೋಡುತ್ತಿದ್ದವರು, "ಮಕ್ಕಳ ವಿಷಯಕ್ಕೆ ನನ್ನ ಮನೇಲಿ ನಿಂತ್ಕಂಡೇ ಮಾತಾಡ್ಬುಟ್ಟಲ್ಲ ನಬೀ," ಎಂದರು. ನಬೀ ಸಾಬರು ಚಪ್ಪಲಿ ಮೆಟ್ಟಿ ಹೊರಬಿದ್ದರು. ಮಜ್ಜಿಗೆಯ ಲೋಟಗಳು ಹಾಗೇ ಉಳಿದವು.

ದಾರಿಯಲ್ಲಿ ಮುದುಕರು ಬೇಗ ಬೇಗ ನಡೆದರು. ಮನೆ ಹೊಕ್ಕವರೇ ಜೈಬಾ ಕೂತಿದ್ದಲ್ಲಿಗೆ ಹೋದರು. ಇಸ್ರಾರ್ ಡ್ಯೂಟಿಗೆ ಹೊರಡಲು ಅಂಗಿ ಹಾಕಿಕೊಂಡು ತಿಂಡಿಗೆ ಕೂತಿದ್ದ. ಚಾಂದ್ ಬಿ ಉಪ್ಪಿಟ್ಟು ಬಡಿಸುತ್ತಿದ್ದಳು.

"ಬೇಟಾ, ಬೈಲಪ್ಪನ ಮನೆಗೇ ಹೋಗಿ ಹೇಳ್ಬಂದೆ. ನನ್ನ ರಾಜಿ ತಪ್ಪು ಅಂತ. ನಿನ್ನ ಮಾಫಿ ವಾಪಸ್ ಅಂತ. ಅವನ ಸ್ನೇಹ ಹೋದ್ರೂ ಚಿಂತೆ ಇಲ್ಲ. ಈಗ ಸರಿ ಹೋಯ್ತಲ್ಲ?"

ಜೈಬಾ ಅವರನ್ನು ದಿಟ್ಟಿಸಿದಳು. ವಾರಗಟ್ಟಲೆ ಆದಮೇಲೆ ಅವರ ಹತ್ತಿರ ಆಡಿದ ಮೊದಲ ಮಾತು ಇದು:

"ನನ್ನ ಕೇಳ್ದೆ ಹೋದ್ರಾ?"

ಹೌದು, ಕೇಳಿರಲಿಲ್ಲ. ಜೊತೆಯಲ್ಲಿ ಹೋದ ಖುಷ್ನುಮಾಗೂ ಹೊಳೆದಿರಲಿಲ್ಲ.

"ನಾಳೆ ನಾನು ಸ್ಕೂಲಿಗೆ ಹೋದ್ರೆ ಅವರು ಮತ್ತೆ ಏನ್ ಮಾಡ್ತಾರೋ, ಅದು ನನಗೆ ತಾನೇ ಆಗೋದು. ಊದು ಅಂದ್ರಿ. ಸ್ಕೂಲಿಗೆ ಹೋದ್ರಿ. ಕರೆಸಿದ್ರಿ. ತಲೆ ತೋರಿಸಿದ್ರಿ. ಈಗ ಜಗಳ ಆಡ್ಬಂದ್ರಿ. ಯಾರೂ ನನ್ನ ಕೇಳಲ್ಲ." ಅವಳು ಒಂದೊಂದಕ್ಕೂ ಬೆರಳು ಮಡಿಚುತ್ತಿದ್ದಳು. "ಅಮ್ಮಿ ನನ್ನ ಮೊಣಕೈ ಚಿವುಟಿದ್ಲು."

ಖುಷ್ನುಮಾಗೆ ಹೇಳಲು ಎಷ್ಟೋ ಇತ್ತು. ಮಾವನ ಕಿವಿ ಕೆಂಪಾಗಿತ್ತು, ಬಂದವರು ಕೂತಿದ್ದರು, ಮುಗಿಯಲಿ ಎಂದು, ನಿನ್ನ ಒಳ್ಳೆಯದಕ್ಕೇ. ಎಲ್ಲವೂ ನಾಲಿಗೆಯ ತುದಿಗೆ ಬಂದವು.

"ಹೌದು. ಚಿವುಟಿದೆ," ಎಂದಳು.

"ಹೋಗ್ಲಿ ಬುಡು ಬೇಟಾ," ಎಂದಳು ಚಾಂದ್ ಬಿ ಸೌಟು ಹಿಡಿದುಕೊಂಡೇ. "ದಾದಾ ಅಷ್ಟು ದೂರ ಹೋಗ್ಬಂದವ್ರೆ. ಮಾಫ್ ಮಾಡ್ದೆ ಅಂತ ಒಂದು ಮಾತು ಹೇಳ್ಬುಡು."

"ಮಾಡಲ್ಲ."

ಇಸ್ರಾರ್ ತಲೆ ಎತ್ತಿದ. ಖುಷ್ನುಮಾ ಮಾವನ ಮುಖ ನೋಡಿದಳು. ಯಾರ ಜಗಳವನ್ನೂ ಹೊತ್ತು ಮುಳುಗುವ ಮೊದಲು ಮುಗಿಸದೆ ಬಿಡದ ಮನುಷ್ಯ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತರು.

"ಸರಿ," ಎಂದರು. "ಮಾಡಬೇಡ." ಹೆಂಡತಿಯ ಕಡೆ ತಿರುಗಿ, "ಅವಳ ಬಾಯಲ್ಲಿ ಇನ್ನು ಯಾರೂ ಏನೂ ಹೇಳಿಸೋದು ಬೇಡ," ಎಂದರು.

ಉಪ್ಪಿಟ್ಟು ಆರುತ್ತಿತ್ತು. ಜೈಬಾ ಕೂತಲ್ಲೇ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಮೊದಲನೇ ದಿನ ಸಹನಾ ಒಬ್ಬಳೇ ಅಲ್ಲ," ಎಂದಳು, ಯಾರಿಗೆಂದಿಲ್ಲದೆ. "ಪ್ರಾರ್ಥನೆಗೆ ನಿಂತಿದ್ವಿ..."

ಇಸ್ರಾರ್‌ನ ಫೋನು ರಿಂಗಾಯಿತು. ಕಂಡಕ್ಟರ್ ಚಿಕ್ಕನರಸಯ್ಯ. ಬಸ್ಸು ಬಿಡುವ ಹೊತ್ತಾಗಿತ್ತು. ಖುಷ್ನುಮಾ ಗಂಡನನ್ನೇ ನೋಡಿದಳು. ಈಗ ಇವನು ಎದ್ದರೆ ಮುಗಿಯಿತು ಎಂದುಕೊಂಡಳು. ಅವನು ಫೋನು ಕಿವಿಗಿಟ್ಟು, "ಇವತ್ತು ಬೇರೆ ಡ್ರೈವರ್‌ನ ನೋಡ್ಕೊ ನರಸಯ್ಯ," ಎಂದ. ಆ ಕಡೆಯಿಂದ ಏನೋ ಕೇಳಿರಬೇಕು. "ಇಲ್ಲ, ಹುಷಾರಾಗಿದ್ದೀನಿ. ಮನೇಲಿ ನನ್ನ ಮಗಳು ಮಾತಾಡ್ತಾವ್ಳೆ."

ಅವನು ಫೋನು ಮಗುಚಿ ಇಡುವವರೆಗೆ ಜೈಬಾ ಕಾದಳು. ಆಮೇಲೆ ಪ್ರಾರ್ಥನೆಯ ಸಾಲಿನಲ್ಲಿ ಯಾರು ಯಾರು ಎಲ್ಲಿ ನಿಂತಿದ್ದರು ಎಂದು ಹೇಳತೊಡಗಿದಳು.